ತೊಳೆದ ಪಿಯಾನೋ

ದಸರಾ ರಜೆ ಮುಗಿದು ಶಾಲೆ ತೆರೆದ ಬುಧವಾರದ ಪುಟದಲ್ಲಿ ನಾನು ಬರೆದಿರುವುದು ಎರಡೇ ಪದ: ಎಂಬತ್ತೈದರಲ್ಲಿ ಇಪ್ಪತ್ತಮೂರು.

ಎಂಬತ್ತೈದು ಎಂದರೆ ಮಧುಗಿರಿಯ ನಮ್ಮ ಶಾಲೆಯ ಪಿಯಾನೋದ ಕೀಗಳು. ಐವತ್ತು ಬಿಳಿ, ಮೂವತ್ತೈದು ಕಪ್ಪು. ಈಗಿನವುಗಳಲ್ಲಿ ಎಂಬತ್ತೆಂಟು ಇರುತ್ತವೆ; ಇದು ಹಳೆಯದು, ಮೂರು ಕಡಿಮೆ. ಇಪ್ಪತ್ತಮೂರು ಎಂದರೆ ಅವತ್ತು ಒತ್ತಿದಾಗ ಕೆಳಗೆ ಹೋಗಿ, ಸದ್ದು ಮಾಡಿ, ತಾವಾಗಿ ಮೇಲೆದ್ದು ಬಂದವು. ಉಳಿದವು ಒತ್ತಿದಲ್ಲೇ ಕೂತುಬಿಟ್ಟವು, ಇಲ್ಲವೇ ಕೆಳಗೆ ಹೋಗಲೇ ಇಲ್ಲ.

ನನಗೆ ಎಣಿಸುವ ಅಭ್ಯಾಸ ಅಪ್ಪನಿಂದ ಬಂದದ್ದು. ಅವರು ಬಸ್ ಕಂಡಕ್ಟರ್. ಮನೆಗೆ ಬಂದ ಮೇಲೂ ಊಟದ ತಟ್ಟೆಯ ಪಕ್ಕದಲ್ಲಿ ಆ ದಿನದ ಟ್ರಿಪ್ಪುಗಳನ್ನು ಬೆರಳಲ್ಲಿ ಮತ್ತೊಮ್ಮೆ ಎಣಿಸುತ್ತಿದ್ದರು. ನಾನು ಸಂಗೀತದ ಟೀಚರ್. ಸೋಮವಾರ, ಬುಧವಾರ, ಶುಕ್ರವಾರ ಮಧುಗಿರಿ. ಉಳಿದ ಮೂರು ದಿನ ಶಿರಾದ ಇನ್ನೊಂದು ಶಾಲೆ. ಎರಡೂ ಕಡೆ ವರ್ಷಕ್ಕೊಮ್ಮೆ ಹೊಸದಾಗಿ ಕರಾರು ಮಾಡಿಕೊಡುವ ಕೆಲಸ. ಮನೆ ಹೊಳವನಹಳ್ಳಿಯಲ್ಲಿ. ಕೊರಟಗೆರೆಗೆ ಒಂದು ಬಸ್ಸು, ಅಲ್ಲಿಂದ ಮಧುಗಿರಿಗೆ ಇನ್ನೊಂದು. ಶಿರಾದ ದಿನಗಳಲ್ಲಿ ಮೂರನೆಯದೊಂದು. ಕೂತ ದಿನ, ನಿಂತ ದಿನ ಎಂದು ಡೈರಿಯಲ್ಲಿ ಎರಡು ಕಾಲಂ ಇವೆ. ನಿಂತ ದಿನಗಳ ಕಾಲಂ ಉದ್ದ.

ಪಿಯಾನೋ ಬಂದದ್ದು ಜೂನಿನಲ್ಲಿ. ನಮ್ಮ ಶಾಲೆಯ ಕಾರ್ಯದರ್ಶಿಗಳ ಅಕ್ಕ ಬೆಂಗಳೂರಿನ ಮನೆ ಖಾಲಿ ಮಾಡುವಾಗ, ತಾವು ಚಿಕ್ಕವರಿದ್ದಾಗಿನಿಂದ ಮನೆಯಲ್ಲಿದ್ದ ಅದನ್ನು ತಮ್ಮನ ಶಾಲೆಗೆ ಕಳಿಸಿದರು. ಬೀರುವಿನ ಹಾಗೆ ನೆಟ್ಟಗೆ ನಿಲ್ಲುವ ಜಾತಿಯದು. ಅಡಿಯಲ್ಲಿ ನಾಲ್ಕು ಹಿತ್ತಾಳೆ ಚಕ್ರ. ನಾನು ಅಲ್ಲಿಯವರೆಗೆ ಮಕ್ಕಳಿಗೆ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಕಲಿಸುತ್ತಿದ್ದೆ. ನಿಜವಾದ ಪಿಯಾನೋವನ್ನು ತುಮಕೂರಿನಲ್ಲಿ ನನ್ನ ಗುರುಗಳ ಮನೆಯಲ್ಲಿ ಮಾತ್ರ ನುಡಿಸಿದ್ದೆ. ಅವರು ಮೊದಲ ದಿನ ಹೇಳಿಕೊಟ್ಟದ್ದು ಸ್ವರವನ್ನಲ್ಲ. ಒಳಗೆ ಉಣ್ಣೆ ಸುತ್ತಿದ ಸಣ್ಣ ಸುತ್ತಿಗೆಗಳಿವೆ, ಅವು ತಂತಿಗೆ ಹೊಡೆಯುತ್ತವೆ, ಬೆರಳು ಎಷ್ಟು ಮೆತ್ತಗೋ ಸದ್ದೂ ಅಷ್ಟೇ ಮೆತ್ತಗೆ, ಎಂದು ಮುಚ್ಚಳ ತೆಗೆದು ತೋರಿಸಿದರು. ಆ ವಾದ್ಯಕ್ಕೆ ಹೆಸರು ಬಂದದ್ದೇ ಅದರಿಂದ. ಬರೆದ ಸಂಗೀತದಲ್ಲಿ ಸಾಲಿನ ಕೆಳಗೆ ಓರೆಯಾಗಿ ‘ಪಿ’ ಅಕ್ಷರವಿದ್ದರೆ ಅದನ್ನು ಪಿಯಾನೋ ಎಂದೇ ಓದಬೇಕು. ಮೆತ್ತಗೆ ನುಡಿಸು ಎಂದು ಅರ್ಥ. ಪಿಯಾನೋದಲ್ಲಾಗಲಿ ಪಿಟೀಲಿನಲ್ಲಾಗಲಿ, ಗಂಟಲಿನಲ್ಲೇ ಆಗಲಿ.

ಇನ್ನು ತೊಳೆದ ವಿಷಯ.

ಆಯುಧಪೂಜೆಯ ದಿನ ನಾನು ಶಾಲೆಯಲ್ಲಿರಲಿಲ್ಲ. ಆಮೇಲೆ ಕೇಳಿ ತಿಳಿದದ್ದು ಇಷ್ಟು. ಶಾಲೆಯ ಎರಡು ವ್ಯಾನುಗಳನ್ನು ಡ್ರೈವರ್ ಮುಂಬಾಗಿಲಿಗೆ ತಂದು ಪೈಪು ಹಿಡಿದು ತೊಳೆದರು. ನೀರಿನ ಮೋಟಾರು, ಆಟದ ಸಾಮಾನು ಇಡುವ ತಳ್ಳುಗಾಡಿ, ಗಂಟೆ, ಎಲ್ಲವೂ ಆಯಿತು. ನಮ್ಮ ಆಯಾ ಪ್ರಾರ್ಥನೆಯ ಹಾಲ್‌ನಿಂದ ಪಿಯಾನೋವನ್ನು ತಳ್ಳಿಕೊಂಡು ಬಂದು ವ್ಯಾನುಗಳ ಸಾಲಿನಲ್ಲಿ ಮೂರನೆಯದಾಗಿ ನಿಲ್ಲಿಸಿದರು. ಮುಚ್ಚಳ ಎತ್ತಿ, ಪೈಪು ಬಿಟ್ಟು, ಕೀಗಳ ಸಂದಿಯ ಧೂಳು ಹೋಗುವ ಹಾಗೆ ಪೊರಕೆ ಕಡ್ಡಿಯಲ್ಲಿ ಉಜ್ಜಿ ತೊಳೆದರು. ಆಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಸೇವಂತಿಗೆ ಹಾರ, ಎರಡೂ ಪಕ್ಕಕ್ಕೆ ಬಾಳೆಕಂದು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ವ್ಯಾನುಗಳನ್ನು ಮುಂದಕ್ಕೆ ಬಿಟ್ಟ ಹಾಗೆ ಅದನ್ನೂ ಒಂದು ಮಾರು ಮುಂದಕ್ಕೆ ತಳ್ಳಿದರು. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿಯಾದವಂತೆ. ಸಂಜೆ ಮೋಡ ಕಟ್ಟಿತೆಂದು ಒಳಗೆ ತಂದು, ಮುಚ್ಚಳ ಹಾಕಿ, ಮೇಲೊಂದು ಟಾರ್ಪಾಲು ಹೊದಿಸಿದರು. ಹಾಗೆ ಒಂದು ವಾರ ಒಳಗಿನ ನೀರು ಒಳಗೇ ಇತ್ತು.

ಆಯಾ ಐವತ್ತರ ಆಸುಪಾಸಿನವರು. ನಾನು ಅಕ್ಕ ಎನ್ನುತ್ತೇನೆ. ತೌರು ಶಿರಾ ಸೀಮೆಯ ಕಳ್ಳಂಬೆಳ್ಳದ ಹತ್ತಿರ, ಕುರಿ ಸಾಕಿ ಕಂಬಳಿ ನೇಯುವ ಮನೆ. ಹನ್ನೊಂದು ವರ್ಷದಿಂದ ಇಲ್ಲಿದ್ದಾರೆ. ಅವರ ಮಗಳು ನಮ್ಮಲ್ಲೇ ಎಂಟನೆಯ ತರಗತಿ. ಶಾಲೆಯಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಕೊಡುವ ಸೀಟು. ಅಮ್ಮನ ಕೆಲಸ ಇರುವವರೆಗೆ ಮಗಳ ಸೀಟು.

ಆ ಬುಧವಾರ ಕಾರ್ಯದರ್ಶಿಗಳು ಅಕ್ಕನನ್ನು, ಡ್ರೈವರನ್ನು, ನನ್ನನ್ನು ಆಫೀಸಿಗೆ ಕರೆಸಿದರು. ಡ್ರೈವರ್ ಪಾವಗಡದ ಕಡೆಯವರು. ಅವರ ಕನ್ನಡದಲ್ಲಿ ಅರ್ಧ ತೆಲುಗು. ಯಾರೂ ಕೇಳುವ ಮೊದಲೇ ಅವರು ಹೇಳಿದರು, “ನಾಲ್ಕು ಚಕ್ರ ಉಂದಿ ಕದಾ ಸಾರ್. ಚಕ್ರ ಇದ್ದಿದ್ದೆಲ್ಲಾ ಬಂಡೀನೇ. ಆಯಮ್ಮ ಪೈಪು ಕೇಳಿದ್ಲು, ಕೊಟ್ಟೆ.”

ಕಾರ್ಯದರ್ಶಿಗಳು ಅಕ್ಕನ ಕಡೆ ನೋಡಿದರು.

“ನಾನೇ ತೊಳ್ದೆ ಸಾ,” ಎಂದರು ಅಕ್ಕ. “ಎಲ್ಲಾದ್ನೂ ತೊಳ್ದು ಅದೊಂದ್ನೇ ಹೆಂಗ್ ಬುಡಾದು?”

ಕಾರ್ಯದರ್ಶಿಗಳು ಗಟ್ಟಿಯಾಗಿ ಮಾತಾಡುವವರಲ್ಲ. ರಾಜ್ಯೋತ್ಸವದ ದಿನ ತಮ್ಮ ಅಕ್ಕ ಬರುತ್ತಾರೆ, ಅವರೆದುರು ಅದನ್ನು ನುಡಿಸಬೇಕು ಎಂದು ಮೊದಲೇ ಮಾತಾಗಿದೆ ಎಂದರು. ನುಡಿದರೆ ಇದನ್ನು ಇಲ್ಲಿಗೇ ಮರೆಯುವುದು. ನುಡಿಯದಿದ್ದರೆ ಆಯಾ ಬೇರೆ ಕಡೆ ಕೆಲಸ ನೋಡಿಕೊಳ್ಳಲಿ. ನನ್ನನ್ನು ಕೇಳಿದರು, ಸರಿಯಾಗುತ್ತದೆಯೇ ಎಂದು. ನೋಡಬೇಕು ಸರ್ ಎಂದೆ.

ಅಷ್ಟೇ ಹೇಳಿದ್ದು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಡೈರಿ ತೆಗೆದು ರಜೆಯ ಮುಂಚಿನ ಕೊನೆಯ ದಿನದ ಪುಟ ತಿರುಗಿಸಿದೆ. ನನ್ನದೇ ಅಕ್ಷರ, ನೀಲಿ ಇಂಕು: “ಹಾಜರಿ ಮುಗಿಸಿದ್ದು ೪-೨೦. ೪-೨೫ಕ್ಕೆ ಆಯಾ ಬಂದು ಕೇಳಿದರು, ಹಬ್ಬಕ್ಕೆ ಪಿಯಾನೋನೂ ತೊಳೆಯಬೇಕಾ ಎಂದು. ಹ್ಞೂ ಎಂದೆ. ೪-೪೦ರ ಬಸ್ಸು ಸಿಕ್ಕಿತು. ನಿಂತೆ.”

ನನಗೆ ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಫೀಸಿನಲ್ಲಿ ನಿಂತಾಗಲೇ ಏನೋ ಕೇಳಿದ್ದರು ಎಂಬಷ್ಟು ನೆನಪಿತ್ತು. ಕೇಳಿದ್ದು ಕಿವಿಗೆ ಬಿದ್ದಿತ್ತು, ಕೈ ಅದನ್ನು ಬರೆದೂ ಇತ್ತು. ತಲೆಗೆ ಮಾತ್ರ ಹೋಗಿರಲಿಲ್ಲ. ಅವತ್ತು ನನಗೆ ಬೇಕಿದ್ದದ್ದು ನಾಲ್ಕು ನಲವತ್ತರ ಬಸ್ಸು.

ರಾಜ್ಯೋತ್ಸವಕ್ಕೆ ಇಪ್ಪತ್ತನಾಲ್ಕು ದಿನ ಉಳಿದಿತ್ತು. ಶಿರಾದ ದಿನಗಳು, ಭಾನುವಾರಗಳು, ದೀಪಾವಳಿ ಕಳೆದರೆ ನನ್ನ ಪಾಲಿಗೆ ಒಂಬತ್ತು ದಿನ.

ಮುಚ್ಚಳದ ಒಳಗೆ ಹಿಂದೆಂದೋ ಶ್ರುತಿ ಮಾಡಿದವರ ಫೋನ್ ನಂಬರಿನ ಚೀಟಿ ಅಂಟಿತ್ತು. ನೀರಿಗೆ ಅರ್ಧ ಅಳಿಸಿದ್ದರೂ ಓದಲು ಬಂತು. ಫೋನ್ ತೆಗೆದವರು ನಾನು ಹೇಳಿದ್ದನ್ನೆಲ್ಲ ಕೇಳಿ, “ಪೈಪಿನಲ್ಲಾ?” ಎಂದು ಎರಡು ಸಲ ಕೇಳಿದರು. ಮೊಣಕಾಲು ನೋವು, ಬರಲಾಗುವುದಿಲ್ಲ ಎಂದರು. ಆದರೆ ಪಾಪ, ಹೇಳಿಕೊಟ್ಟರು. ಬಿಸಿಲಿಗೆ ಇಡಬಾರದು, ಮರ ಸೀಳುತ್ತದೆ. ಮುಂದಿನ ಹಿಂದಿನ ಹಲಗೆ ತೆಗೆದು ದೂರದಿಂದ ಫ್ಯಾನು ಹಾಕಬೇಕು. ಕೀಗಳನ್ನು ಒಂದೊಂದಾಗಿ ಕಿತ್ತು, ಸಾಲು ತಪ್ಪದ ಹಾಗೆ ಒಣಗಿಸಬೇಕು. ಒಣಗಿದ ಮೇಲೂ ಜೋರಾಗಿ ಬಾರಿಸಬಾರದು. ಸುತ್ತಿಗೆಗಳ ಅಂಟು ಬಿಟ್ಟಿರುತ್ತದೆ, ಉದುರಿಹೋಗುತ್ತವೆ.

ಮೊದಲ ಶುಕ್ರವಾರ ಮೂವತ್ತೊಂದು. ಸೋಮವಾರ ಮಳೆ ಹಿಡಿದು ಇಪ್ಪತ್ತಾರಕ್ಕೆ ಇಳಿಯಿತು. ಏರಿದ್ದು ಇಳಿದದ್ದನ್ನು ಬರೆಯುವಾಗ ಕೈ ಸೋಲುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಆ ದಿನವೇ ಎಂಬತ್ತೈದನ್ನೂ ಕಿತ್ತೆವು. ಪ್ರತಿ ಕೀಯೂ ಒಂದೊಂದು ಉದ್ದನೆಯ ಮರದ ಪಟ್ಟಿ. ಹೊರಗೆ ಕಾಣುವುದು ಅದರ ತುದಿ ಮಾತ್ರ. ಹಾಲಿನ ಬೆಂಚುಗಳ ಮೇಲೆ ನ್ಯೂಸ್‌ಪೇಪರ್ ಹಾಸಿ ಜೋಡಿಸಿದೆವು. ಹಲ್ಲು ಕಿತ್ತ ಬಾಯಿಯಂತೆ ಪಿಯಾನೋ ಎದುರಿಗಿತ್ತು. ನಾನು ಶಿರಾಕ್ಕೆ ಹೋದ ದಿನಗಳಲ್ಲಿ ಅಕ್ಕ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹಪ್ಪಳ ಮಗುಚಿದ ಹಾಗೆ ಅವನ್ನು ಮಗುಚಿ ಹಾಕುತ್ತಿದ್ದರು. ಮಗುಚಿದ್ದಕ್ಕೆ ಗುರುತಾಗಿ ಕಪ್ಪುಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದ ಒಂದೊಂದು ಗೆರೆ. ನಾನು ಬಂದ ದಿನ ಆ ಗೆರೆಗಳನ್ನು ಡೈರಿಗೆ ಇಳಿಸಿಕೊಂಡು ಅಳಿಸುತ್ತಿದ್ದೆ.

ಡ್ರೈವರ್ ಹಾದುಹೋಗುವಾಗಲೆಲ್ಲ ಬಾಗಿಲಲ್ಲಿ ನಿಂತು ಅಕ್ಕನನ್ನು ಕೆಣಕುತ್ತಿದ್ದರು. ವ್ಯಾನಿಗೆ ಆಯಿಲ್ ಬದಲಾಯಿಸುತ್ತಿದ್ದೇನೆ, ಇದಕ್ಕೂ ಒಂದು ಲೀಟರ್ ಬಿಡಲೇ ಎಂದು ಒಮ್ಮೆ ಕೇಳಿದರು. ಅಕ್ಕ ತಲೆ ಎತ್ತದೆ, “ನಿನ್ ಬಾಯ್ಗೆ ಬುಟ್ಕೋ ಹೋಗ್ಲಾ, ಅದೂ ಕಿರ್‌ಗುಡ್ತದೆ,” ಎಂದರು.

ದೀಪಾವಳಿ ಮುಗಿದ ಮೇಲೆ ಕೀಗಳನ್ನು ಮತ್ತೆ ಕೂರಿಸಿದೆವು. ಐವತ್ತೆಂಟು. ಉಳಿದವು ಯಾಕೆ ಏಳುತ್ತಿಲ್ಲ ಎಂದು ನೋಡಿದರೆ, ಪ್ರತಿ ಕೀಯ ಮುಂತುದಿಯ ಕೆಳಗೆ ನಾಣ್ಯದಗಲದ ಒಂದು ಉಣ್ಣೆಯ ಬಿಲ್ಲೆ ಇರುತ್ತದೆ. ಕೀ ಬಂದು ಕೂರುವುದು ಅದರ ಮೇಲೆ. ಆ ಬಿಲ್ಲೆಗಳು ನೀರಿಗೆ ಉಬ್ಬಿ, ಒಣಗಿ ಗಂಟುಗಟ್ಟಿ, ಕೆಲವು ನಡುವಿನ ಸಣ್ಣ ಕಬ್ಬಿಣದ ಕಡ್ಡಿಗೆ ಕಚ್ಚಿಕೊಂಡಿದ್ದವು. ಅಕ್ಕ ಒಂದನ್ನು ಕಿತ್ತು ಬೆರಳಲ್ಲಿ ಹೊಸೆದು, ಮೂಗಿನ ಹತ್ತಿರ ಹಿಡಿದು ನೋಡಿದರು.

“ಇದು ಕುರಿ ತುಪ್ಪಟ ಕಣ್ ಮಿಸ್ಸೇ,” ಎಂದರು. “ಇಷ್ಟ್ ದಿವ್ಸ ಹೇಳ್ಬಾರ್ದಾ?”

ಮುಂದಿನ ಸೋಮವಾರ ತೌರಿನಿಂದ ಒಂದು ಕಂಬಳಿ ತಂದಿದ್ದರು. ಹಳೆಯದು, ಕರಿಯದು. ಹೊಸದು ಆಗುವುದಿಲ್ಲವಂತೆ, ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ, ಅದು ಬಿರುಸಾಗಿರುತ್ತದೆ. ಇದು ಹತ್ತು ಹನ್ನೆರಡು ವರ್ಷ ಹೊದ್ದು, ನೆಂದು, ಗಂಜಿಯೆಲ್ಲ ಹೋಗಿ ಮೆತ್ತಗಾಗಿತ್ತು. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಬಿಲ್ಲೆ ಕತ್ತರಿಸಿದರು, ನಾನು ನಡುವೆ ತೂತು ಮಾಡಿ ಕೂರಿಸಿದೆ. ಮಕ್ಕಳಿಗೆ ಆಟದ ಪೀರಿಯಡ್. ಹಾಲಿನಲ್ಲಿ ನಾವಿಬ್ಬರೇ. ಇಪ್ಪತ್ತೇಳು ಬಿಲ್ಲೆ ಬೇಕಾಯಿತು. ಹದಿನೈದೋ ಹದಿನಾರೋ ಆದಾಗ ಕೇಳಿದೆ.

“ಅಕ್ಕ, ನನ್ನನ್ನ ಕೇಳೇ ತೊಳೆದೆ ಅಂತ ಅವತ್ತು ಯಾಕೆ ಹೇಳಲಿಲ್ಲ?”

ಅವರು ಕತ್ತರಿ ನಿಲ್ಲಿಸಲಿಲ್ಲ. “ಹೇಳಿ ಏನ್ ಮಾಡ್ಲಿ ಮಿಸ್ಸೇ? ನಿಮ್ಮುನ್ನೂ ಕಳಿಸ್ಬುಡ್ತಾರೆ. ಆಮ್ಯಾಕೆ ಇದ್ನ ರಿಪೇರಿ ಮಾಡೋರ್ ಯಾರು?” ಇನ್ನೊಂದು ಬಿಲ್ಲೆ ಕತ್ತರಿಸಿ ಕೊಡುತ್ತಾ, “ನೀವೂ ಹೇಳ್ಬ್ಯಾಡಿ. ಅಂಗೇ ಬುಟ್ಬುಡಿ,” ಎಂದರು.

ಬಿಟ್ಟುಬಿಟ್ಟೆ. ಅದು ನನಗೆ ಅನುಕೂಲವೇ ಆಗಿತ್ತು. ಅವತ್ತಿನ ಎಣಿಕೆ ಎಪ್ಪತ್ತೊಂದು.

ಸುತ್ತಿಗೆಗಳಿಗೆ ಅಂಟು ತಂದದ್ದು ಶಿರಾದಿಂದ, ಬಸ್ ನಿಲ್ದಾಣದ ಹತ್ತಿರ ಕುರ್ಚಿ ಮೇಜಿಗೆ ಪಾಲಿಶ್ ಹಾಕುವ ಒಬ್ಬ ಮುದುಕರ ಅಂಗಡಿಯಿಂದ. ಅಂಟಿಸಿ ದಾರ ಸುತ್ತಿ ಒಂದು ಇಡೀ ದಿನ ಮುಟ್ಟದೆ ಬಿಡಬೇಕು, ಜಲ್ದಿ ಮಾಡಿದರೆ ಮತ್ತೆ ಬಿಡುತ್ತದೆ ಎಂದು ಅವರು ಎಚ್ಚರಿಸಿದರು. ರಾಜ್ಯೋತ್ಸವದ ಹಿಂದಿನ ದಿನ ಎಣಿಸಿದಾಗ ಎಪ್ಪತ್ತೆಂಟು. ಏಳು ಕೀ ನುಡಿಯಲಿಲ್ಲ. ಆ ಏಳರ ನಂಬರುಗಳನ್ನು ಬರೆದುಕೊಂಡೆ. ಕೀಗಳ ಮರದ ಮೇಲೆ ಒತ್ತಿದ ನಂಬರುಗಳಿರುವುದರಿಂದ ಅದು ಸುಲಭ.

ನುಡಿಸುವುದೇನು ಎಂಬುದನ್ನು ಈ ಏಳೇ ತೀರ್ಮಾನಿಸಿದವು. ಪಿಯಾನೋ ಜೊತೆ ಬಂದ ಸ್ಟೂಲಿನ ಒಳಗೆ ಹಳೆಯ ಒಂದು ಸಂಗೀತದ ಪುಸ್ತಕವಿತ್ತು. ಅದರಲ್ಲಿ ಒಂದೇ ಪುಟದ ಒಂದು ಸಣ್ಣ ಪಾಠ. ಮೊದಲ ಸಾಲಿನ ಕೆಳಗೇ ‘ಪಿ’, ಯಾರೋ ಪೆನ್ಸಿಲಿನಲ್ಲಿ ಎರಡು ಸಲ ಸುತ್ತು ಹಾಕಿದ್ದರು. ಕೊನೆಯವರೆಗೂ ಅದು ಬದಲಾಗುವುದಿಲ್ಲ. ಪೂರ್ತಿ ಮೆತ್ತಗೆ. ಸುತ್ತಿಗೆ ಉದುರುವ ಭಯವಿದ್ದ ನನಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ. ಬರೆದ ಹಾಗೇ ನುಡಿಸಿದರೆ ಏಳರಲ್ಲಿ ಒಂದು ಮಧ್ಯೆ ಬರುತ್ತಿತ್ತು. ಇಡೀ ಪಾಠವನ್ನೇ ಎರಡು ಸ್ವರ ಮೇಲಕ್ಕೆ ಸರಿಸಿಕೊಂಡೆ, ಏಳೂ ಹೊರಗುಳಿದವು. ಬಿಡುವಿನಲ್ಲಿ ಹನ್ನೆರಡು ಸಲ ನುಡಿಸಿ ನೋಡಿದೆ. ಅಕ್ಕ ಹಾಲ್ ಗುಡಿಸುತ್ತಿದ್ದರು. ಮಲಗಿದ ಮಗೂನ ಮುಟ್ಟಿದ ಹಾಗೆ ಯಾಕೆ ಮುಟ್ಟುತ್ತಿದ್ದೀರಿ ಎಂದು ಕೇಳಿದರು. ಇಲ್ಲಿ ಹಾಗೇ ಬರೆದಿದೆ ಅಕ್ಕ ಎಂದು ಪುಸ್ತಕದ ಸುತ್ತು ತೋರಿಸಿದೆ.

ರಾಜ್ಯೋತ್ಸವದ ದಿನ ಶಿರಾದಲ್ಲಿ ರಜೆ ಕೇಳಿ ಮಧುಗಿರಿಗೆ ಬಂದೆ. ಬಾವುಟ, ಭಾಷಣ, ಮಕ್ಕಳ ನೃತ್ಯ ಮುಗಿಯುವಾಗ ಹನ್ನೊಂದೂವರೆ. ಮಧುಗಿರಿ ಬೆಟ್ಟದ ಬಂಡೆಯ ಕಾವು ಆಗಲೇ ಮೈದಾನಕ್ಕೆ ಬಂದಿತ್ತು. ಎಲ್ಲರನ್ನೂ ಹಾಲಿನೊಳಗೆ ಕೂರಿಸಿದರು. ಕಾರ್ಯದರ್ಶಿಗಳ ಅಕ್ಕ ಮುಂದಿನ ಸಾಲಿನಲ್ಲಿ ಕೂತರು. ಎಪ್ಪತ್ತು ದಾಟಿರಬಹುದು, ತೆಳ್ಳಗೆ, ಹತ್ತಿಯ ಸೀರೆ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅಕ್ಕ ಬಾಗಿಲ ಹತ್ತಿರ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು.

ನುಡಿಸಿದೆ. ಎರಡು ನಿಮಿಷವೂ ಇಲ್ಲ. ಹಿಂದಿನ ಸಾಲಿನ ಮಕ್ಕಳಿಗೆ ಕೇಳಿಸಿತೋ ಇಲ್ಲವೋ. ಒಂದು ಸುತ್ತಿಗೆಯೂ ಉದುರಲಿಲ್ಲ. ಚಪ್ಪಾಳೆ ಬಂತು.

ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಕಾರ್ಯದರ್ಶಿಗಳ ಅಕ್ಕ ಎದ್ದು ಬಂದರು. ಪುಸ್ತಕ ನೋಡಿದರು, ಪೆನ್ಸಿಲಿನ ಸುತ್ತಿನ ಮೇಲೆ ಬೆರಳಾಡಿಸಿದರು. ಆಮೇಲೆ ಕೀಗಳ ಕಡೆ ತಿರುಗಿ, ಹುಡುಕದೆ, ನಡುವಿನ ಒಂದು ಬಿಳಿ ಕೀಯ ಮೇಲೆ ತೋರುಬೆರಳಿಟ್ಟು ಒತ್ತಿದರು.

ಏಳರಲ್ಲಿ ಒಂದು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು.

ಕಾರ್ಯದರ್ಶಿಗಳು ಬಾಗಿಲ ಕಡೆ ನೋಡಿದರು. ಅಕ್ಕ ತಟ್ಟೆಯನ್ನು ಪಕ್ಕದ ಬೆಂಚಿನ ಮೇಲಿಟ್ಟರು. ಇಟ್ಟ ರೀತಿ ನೋಡಿದರೆ ಅವರು ಹೊರಡಲು ಸಿದ್ಧರಾದ ಹಾಗಿತ್ತು.

“ಸರ್, ತೊಳೆಯೋ ಮುಂಚೆ ಅವರು ನನ್ನನ್ನ ಕೇಳಿದ್ರು,” ಎಂದೆ. “ನಾನು ಹ್ಞೂ ಅಂದೆ. ಬರೆದಿಟ್ಟಿದ್ದೀನಿ.” ಚೀಲದಿಂದ ಡೈರಿ ತೆಗೆದು ಆ ಪುಟವನ್ನೇ ಅವರ ಕೈಗೆ ಕೊಟ್ಟೆ. ಕಂಠ ಸ್ವಲ್ಪ ಏರಿತ್ತು ಅನಿಸುತ್ತದೆ.

ಕಾರ್ಯದರ್ಶಿಗಳು ಓದಿದರು. ಮೂರು ಸಾಲು ಓದಲು ಅಷ್ಟು ಹೊತ್ತು ಬೇಕಿಲ್ಲ. “ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?” ಎಂದರು.

ಅವರ ಅಕ್ಕ ಇದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. “ಏನು ತೊಳೆದಿದ್ದು?” ಎಂದು ತಮ್ಮನನ್ನು ಕೇಳಿದರು. ಅವರು ಹೇಳಿದರು, ಪೈಪು, ವ್ಯಾನು, ನಿಂಬೆಹಣ್ಣು, ಎಲ್ಲ. ಆಕೆ ಆ ಕೀಯನ್ನು ಮೂರನೆಯ ಸಲ ಒತ್ತಿದರು.

“ಇದು ನಮ್ಮನೇಲೂ ಮೂಕನೇ ಕಣೋ. ನಾನು ಏಳನೇ ಕ್ಲಾಸಲ್ಲಿದ್ದಾಗ ಇದರ ಸುತ್ತಿಗೆ ಇಲಿ ತಿಂದಿತ್ತು. ನಿನಗೆಲ್ಲಿ ಗೊತ್ತು, ನೀನಿನ್ನೂ ತೊಟ್ಟಿಲಲ್ಲಿದ್ದೆ.” ಆಮೇಲೆ ಎಡಗಡೆ ತುದಿಯ ಎರಡನ್ನು ತೋರಿಸಿದರು. ಅವೂ ಹಿಂದಿನಿಂದಲೇ ಮೂಕ. ಅಮ್ಮ ಈ ಪಾಠ ಹೇಳಿಕೊಡುವಾಗ ಮೂಕ ಸ್ವರ ಬಂದಲ್ಲಿ ಬಾಯಲ್ಲಿ ಹಾಡಿಕೊಳ್ಳುತ್ತಿದ್ದರು ಎಂದರು. ನನ್ನ ಕಡೆ ತಿರುಗಿ, ಯಾಕೆ ಬರೆದದ್ದಕ್ಕಿಂತ ಮೇಲಿನ ಸ್ವರದಿಂದ ಶುರು ಮಾಡಿದಿರಿ ಎಂದು ಮಾತ್ರ ಕೇಳಿದರು.

ಜೂನಿನ ಪುಟ ನನಗೆ ಬಾಯಿಪಾಠವಿತ್ತು: “ಪಿಯಾನೋ ಬಂತು. ನಾಲ್ಕು ಜನ ಇಳಿಸಿದರು.” ಇಷ್ಟೇ. ಮುಂಚೆ ಎಷ್ಟು ನುಡಿಯುತ್ತಿತ್ತು ಎಂದು ನಾನು ಒಮ್ಮೆಯೂ ಎಣಿಸಿರಲಿಲ್ಲ. ಎಣಿಸಲು ಶುರು ಮಾಡಿದ್ದೇ ಕೆಟ್ಟ ಮೇಲೆ. ಮಕ್ಕಳ ಪಾಠಕ್ಕೆ ನಡುವಿನ ಎರಡು ಸ್ಥಾಯಿ ಸಾಕಾಗುತ್ತಿತ್ತು, ಆ ಮೂಕ ಕೀ ಒಂದೆರಡು ಸಲ ಕೈಗೆ ಸಿಕ್ಕಿದ್ದರೂ ಬೆರಳು ಸರಿಯಾಗಿ ಬೀಳಲಿಲ್ಲ ಎಂದುಕೊಂಡು ಮುಂದೆ ಹೋಗಿರಬೇಕು. ಹಾಗಾದರೆ ನೀರಿಗೆ ಹೋದದ್ದು ನಾಲ್ಕು.

ಅಕ್ಕನ ಕೆಲಸ ಉಳಿಯಿತು. ಕಾರ್ಯದರ್ಶಿಗಳು ಅವರಿಗೆ ಆ ಲೋಟಗಳನ್ನು ತನ್ನಿ ಎಂದರು, ಅಷ್ಟೇ. ನನಗೆ ಮಾತ್ರ ಊಟದ ನಂತರ ಆಫೀಸಿನಲ್ಲಿ ಹೇಳಿದರು: ಪರೀಕ್ಷೆಗಳು ಹತ್ತಿರ ಬರುತ್ತಿವೆ, ಸಂಗೀತ ಇನ್ನು ಶುಕ್ರವಾರ ಒಂದು ದಿನ ಸಾಕು, ಮುಂದಿನ ವರ್ಷದ್ದು ಆಮೇಲೆ ನೋಡೋಣ. ಸಿಟ್ಟಿನಿಂದ ಹೇಳಿದಂತಿರಲಿಲ್ಲ. ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು.

ಗೇಟಿನ ಹತ್ತಿರ ಅಕ್ಕ ಕಾಯುತ್ತಿದ್ದರು. ಸಂತೋಷಪಟ್ಟಿರುತ್ತಾರೆ ಎಂದುಕೊಂಡಿದ್ದೆ. ಮುಖ ಗಂಟು ಹಾಕಿಕೊಂಡಿದ್ದರು.

“ಬ್ಯಾಡ ಅಂದಿದ್ನಲ್ಲಾ ಮಿಸ್ಸೇ. ಇನ್ನೊಂದ್ ಗಳಿಗೆ ತಡ್ಕಂಡಿದ್ರೆ ಆ ಮುದುಕಮ್ಮನೇ ಹೇಳ್ತಿತ್ತು, ಇಲಿ ತಿಂದಿತ್ತು ಅಂತ.”

“ನನಗೇನು ಗೊತ್ತಿತ್ತು ಅಕ್ಕ?”

“ಅದೂ ಸರಿ,” ಎಂದರು. ಸೆರಗಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಹಬ್ಬದ ಊಟದ ಕಾಯಿಹೋಳಿಗೆ. ಶುಕ್ರವಾರ ಬರುವಾಗ ಶಿರಾದಿಂದ ಇನ್ನೊಂದು ಡಬ್ಬಿ ಅಂಟು ತನ್ನಿ, ಕಂಬಳಿ ಇನ್ನೂ ಅರ್ಧ ಉಳಿದಿದೆ, ಆ ನಾಲ್ಕನ್ನೂ ನೋಡಿಬಿಡೋಣ ಎಂದರು. ನಾಲ್ಕು ಎಂಬುದನ್ನು ಅವರೂ ಎಣಿಸಿಕೊಂಡಿದ್ದರು.

ಕೊರಟಗೆರೆಯ ಬಸ್ಸು ತುಂಬಿ ಬಂತು. ನಿಂತೆ. ತುಂಬಾಡಿ ದಾಟಿದ ಮೇಲೆ ಒಂದು ಸೀಟು ಖಾಲಿಯಾಯಿತು. ಡೈರಿ ತೆಗೆದು ಆ ದಿನದ ಪುಟದಲ್ಲಿ ಎಪ್ಪತ್ತೆಂಟು ಎಂದು ಬರೆದು, ಪಕ್ಕದಲ್ಲಿ “ಬಂದಾಗ ಎಂಬತ್ತೆರಡು” ಎಂದು ಸೇರಿಸಿದೆ. ಇನ್ನೂ ಏನೋ ಬರೆಯಬೇಕು ಅನಿಸಿತು. ಕಣ್ಣು ಎಳೆಯುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ ಕಿಟಕಿಗೆ ತಲೆ ಒರಗಿಸಿದೆ. ಕೊರಟಗೆರೆಯಲ್ಲಿ ಇಳಿಯುವಾಗ ಕಂಡಕ್ಟರ್ ಎಬ್ಬಿಸಬೇಕಾಯಿತು.